ಒದ್ದೆಯಾಗದೆ ಮುಳುಗುವ ಬಗೆ

ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ ಅಂತ ಇರುವುದು 7.8 ಡಿಗ್ರಿ. ಅದು 1884ರ ಜನವರಿ 13ರ ಮಾತು. ಆಮೇಲೆ ಊರು ಅಷ್ಟು ತಣ್ಣಗಾಗಿಲ್ಲ. ಆದರೂ ನಾವು ಜರಗನಹಳ್ಳಿಯವರು ಮೈಮರೆಯುವ ಜನವಲ್ಲ. ಡಿಸೆಂಬರಿನಲ್ಲಿ ಪಾದರಸ 16ಕ್ಕೆ ಇಳಿಯಿತೋ ಇಲ್ಲವೋ, ಸಾರಕ್ಕಿ ಕೆರೆಯ ಸುತ್ತ ವಾಕಿಂಗ್ ಬರುವವರಲ್ಲಿ ಮುಖ ಕಾಣುವವರೇ ಅಪರೂಪ. ಮಂಕಿ ಕ್ಯಾಪು, ಮಫ್ಲರು, ಮೇಲೊಂದು ಮಗನೋ ಮಗಳೋ ವಿದೇಶದಿಂದ ತಂದ ಜಾಕೆಟ್ಟು. ಪರಿಚಯದವರನ್ನು ನಡಿಗೆಯಿಂದಲೇ ಗುರುತು ಹಿಡಿದು ನಮಸ್ಕಾರ ಹೇಳಬೇಕು. ಇಂಥ ಊರಿಗೆ ಅಳಿಯನಾಗಿ ಬಂದವರು ಇಂಗ್ಲೆಂಡಿನಲ್ಲಿ ಚಳಿಗಾಲದ ಭಾನುವಾರ ಬೆಳಗಾಗೆದ್ದು ಆರು ಡಿಗ್ರಿ ನೀರಿಗೆ ಇಳಿಯುತ್ತಾರೆ. ಅದೂ ದುಡ್ಡು ಕೊಟ್ಟು.

ಅಳಿಯ ಇರುವುದು ಲೆಸ್ಟರಿನಲ್ಲಿ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಸ್ಟೋನಿ ಕೋವ್ ಎಂಬಲ್ಲಿ ಹಳೆಯ ಕಲ್ಲುಕ್ವಾರಿಯೊಂದಿದೆ. ಗ್ರಾನೈಟ್ ತೆಗೆದು ಮುಗಿದ ಮೇಲೆ ನೀರು ತುಂಬಿಕೊಂಡಿತು. ನಮ್ಮ ಕಡೆ ಇಂಥ ಕ್ವಾರಿಯ ಪಕ್ಕ ‘ಇಳಿಯಬಾರದು’ ಅಂತ ಬೋರ್ಡು ನೆಡುತ್ತಾರೆ. ಅವರು ಗೇಟು ಹಾಕಿ ಟಿಕೆಟ್ ಕೊಡುತ್ತಾರೆ. ಆಳ 35 ಮೀಟರಿನಷ್ಟು. ಕೆಳಗೆ ನೋಡುವುದಕ್ಕೆ ಏನಾದರೂ ಇರಲಿ ಅಂತ 2000ದಲ್ಲಿ ಸ್ಟೇನ್‌ಗಾರ್ತ್ ಎಂಬ ಹಳೆಯ ಟಗ್ ದೋಣಿಯನ್ನು ಬೇಕೆಂದೇ ಮುಳುಗಿಸಿದ್ದಾರೆ. “ಮುಳುಗಿರೋ ದೋಣಿ ನೋಡೋಕೆ ಇವರೂ ಮುಳುಗಬೇಕಾ?” ಅಂತ ನನ್ನ ಹೆಂಡತಿ ಕೇಳಿದ್ದಕ್ಕೆ ಮಗಳ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ನೀರಿಗೂ ನಮ್ಮೂರಿಗೂ ಇರುವ ನಂಟು ಬೇರೆ ಥರದ್ದು. ಕನ್ನಡ ಓದುಗರು ಜರಗನಹಳ್ಳಿಯ ಹೆಸರು ಕೇಳಿರುವುದು ಜರಗನಹಳ್ಳಿ ಶಿವಶಂಕರ್ ಅವರ ಹನಿಗವನಗಳಿಂದ. ಹನಿಯಿಂದಾಚೆಗೆ ನಮ್ಮದೆಲ್ಲ ಕಾವೇರಿ ಬಂತಾ, ಟ್ಯಾಂಕರ್ ಬಂತಾ ಎಂಬ ವ್ಯವಹಾರ. ಅಷ್ಟೊಂದು ಆಸೆಯಿದ್ದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಬಹುದಲ್ಲ, ಬೆಚ್ಚಗಿನ ನೀರು, ಬಣ್ಣಬಣ್ಣದ ಮೀನು ಅಂತ ಅಳಿಯನಿಗೆ ಅಂದೆ. “ಅದು ಸುಲಭ, ಮಾವ” ಅಂದರು. ಜೀವನವಿಡೀ ವಿಮಾ ಕಚೇರಿಯಲ್ಲಿ ಕೂತು, ‘ಅಪಾಯಕಾರಿ ಹವ್ಯಾಸಗಳಿವೆಯೇ?’ ಎಂಬ ಕಾಲಮ್ಮಿನಲ್ಲಿ ‘ಇಲ್ಲ’ ಎಂಬ ಒಂದೇ ಉತ್ತರ ನೋಡಿದವನು ನಾನು. ಸುಲಭವಾಗಿದೆ ಅನ್ನುವ ಕಾರಣಕ್ಕೆ ಒಂದು ಕೆಲಸವನ್ನು ಬಿಡುವ ಜನ ಇರುತ್ತಾರೆ ಅಂತ ನಮ್ಮ ಪ್ರಪೋಸಲ್ ಫಾರಂ ಬರೆದವನಿಗೂ ಹೊಳೆದಿರಲಾರದು.

ಇವರದು ಸೈಡ್‌ಮೌಂಟ್ ಪದ್ಧತಿ. ಸಿನಿಮಾದಲ್ಲಿ ನೋಡುವಂತೆ ಸಿಲಿಂಡರನ್ನು ಬೆನ್ನಿಗೆ ಹೊರುವುದಿಲ್ಲ. ಎರಡು ಸಿಲಿಂಡರುಗಳನ್ನು ಎರಡು ಕಂಕುಳಿನ ಕೆಳಗೆ ಮೈಗೆ ಅಂಟಿದಂತೆ ತಗುಲಿಸಿಕೊಳ್ಳುವುದು. ಕೊರಳಿನ ಹಿಂದಿನಿಂದ ಬರುವ ರಬ್ಬರ್ ಹುರಿ ಸಿಲಿಂಡರಿನ ಕತ್ತನ್ನು ಹಿಡಿದಿರುತ್ತದೆ, ಅದರ ಬುಡವನ್ನು ಸೊಂಟದ ಪಟ್ಟಿಗೆ ಒಂದು ಕೊಕ್ಕೆ. ಇದು ಹುಟ್ಟಿದ್ದೇ ಇಂಗ್ಲೆಂಡಿನ ನೀರು ತುಂಬಿದ ಗುಹೆಗಳಲ್ಲಂತೆ. 1960ರ ದಶಕದಲ್ಲಿ ಅಲ್ಲಿನ ಗುಹೆಯ ಹುಚ್ಚಿನವರು ಇಕ್ಕಟ್ಟಿನ ಸಂದಿಗಳಲ್ಲಿ ಬೆನ್ನ ಮೇಲೆ ಹೊರೆ ಇಟ್ಟುಕೊಂಡು ನುಸುಳಲಾಗದೆ ಸಿಲಿಂಡರನ್ನು ಪಕ್ಕಕ್ಕೆ ಕಟ್ಟಿಕೊಂಡರು. ಅಲ್ಲಿಂದ ಅದು ಫ್ಲಾರಿಡಾಕ್ಕೆ ಹೋಯಿತು, ಮೆಕ್ಸಿಕೋಕ್ಕೆ ಹೋಯಿತು, ಬೆಚ್ಚಗಿನ ನೀರಿನಲ್ಲಿ ಮೈ ಹಗುರ ಮಾಡಿಕೊಂಡಿತು. ನಮ್ಮ ಅಳಿಯ ಕಲಿತದ್ದು ಮೆಕ್ಸಿಕೋದ ಯುಕಟಾನಿನಲ್ಲಿ, 25 ಡಿಗ್ರಿ ನೀರಿನಲ್ಲಿ, ತೆಳು ಅಂಗಿ ತೊಟ್ಟು. ಅದೇ ಪಟ್ಟಿಗಳನ್ನು ತಂದು ಇಂಗ್ಲೆಂಡಿನ ಚಳಿಗೆ ಹಾಕಿಕೊಳ್ಳಲು ಹೋದರೆ ಬಕಲ್ ಕೂಡಲಿಲ್ಲ. ಇಂಗ್ಲೆಂಡಿನ ವಿದ್ಯೆ ಪರದೇಶ ಸುತ್ತಿ ಇಂಗ್ಲೆಂಡಿಗೆ ವಾಪಸಾದರೆ ಇಂಗ್ಲೆಂಡೇ ಅದಕ್ಕೆ ಒಗ್ಗಲಿಲ್ಲ.

ಡಿಸೆಂಬರಿನಲ್ಲಿ ಅಳಿಯ ಮನೆಗೆ ಬಂದಾಗ, “ಎರಡು ಸಿಲಿಂಡರ್ ಯಾಕೆ?” ಅಂತ ಇವಳು ಕೇಳಿದಳು.

“ಒಂದು ಕೈಕೊಟ್ಟರೆ ಇನ್ನೊಂದಿರುತ್ತೆ ಅಂತ, ಅತ್ತೆ.”

“ಕೈಕೊಡುತ್ತೆ ಅಂತ ಗೊತ್ತಿದ್ದೂ ಹೋಗ್ತೀರಾ?”

ಅವರು ವಿಷಯವನ್ನು ವಿಜ್ಞಾನದ ಕಡೆಗೆ ತಿರುಗಿಸಿದರು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಹೀರುತ್ತದೆ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಹೊರಬರುವಾಗ ಹಿಗ್ಗಿ ತಣ್ಣಗಾಗುತ್ತದೆ. ನೀರು ಹತ್ತು ಡಿಗ್ರಿಗಿಂತ ಕೆಳಗಿದ್ದರೆ ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರಿನೊಳಗೆ ಮಂಜು ಕಟ್ಟಿ, ಅದು ತೆರೆದಲ್ಲೇ ಸಿಕ್ಕಿಕೊಂಡು, ಗಾಳಿಯೆಲ್ಲ ಬುಸುಬುಸು ಅಂತ ಹರಿದುಹೋಗಬಹುದು. ಸಿಲಿಂಡರು ಬೆನ್ನ ಮೇಲಿದ್ದರೆ ಕೈ ಹಿಂದಕ್ಕೆ ತಿರುಚಿ ತಡಕಾಡಬೇಕು. ಕಂಕುಳಲ್ಲಿದ್ದರೆ ಕಣ್ಣೆದುರಿಗೇ ವಾಲ್ವು, ತಿರುಗಿಸಿ ಮುಚ್ಚಿದರಾಯಿತು. ಮುಚ್ಚುವುದಕ್ಕೆ ಬೆರಳು ಆಡಬೇಕು, ಅಷ್ಟೆ. ದಪ್ಪ ಕೈಗವಸಿನಲ್ಲಿ ಆಡುವುದಿಲ್ಲ.

ಇಷ್ಟು ಹೇಳಿ ಡ್ರೈ ಸೂಟ್ ತೆಗೆದರು. ತಲೆ, ಕೈ ಬಿಟ್ಟು ಕಾಲಿನವರೆಗೆ ಒಂದೇ ತುಂಡಿನ ಕಪ್ಪು ಉಡುಪು. ಕುತ್ತಿಗೆ, ಮಣಿಕಟ್ಟುಗಳಲ್ಲಿ ನೀರು ನುಗ್ಗದಂತೆ ಬಿಗಿ ರಬ್ಬರು. ಒಳಗೆ ಅಂಗೈ ದಪ್ಪದ ಇನ್ನೊಂದು ಬೆಚ್ಚನೆ ಉಡುಪು. ರಬ್ಬರು ಜಾರಲಿ ಅಂತ ಪೌಡರು ಬೇಕು, ಇವಳು ಗಂಧದ ಪೌಡರು ತಂದುಕೊಟ್ಟಳು. ಪರಿಮಳದ್ದು ರಬ್ಬರಿಗೆ ಆಗದಂತೆ, ವಾಸನೆ ಇಲ್ಲದ್ದೇ ಬೇಕಂತೆ. ಭುಜದಿಂದ ಭುಜಕ್ಕೆ ಬೆನ್ನ ಮೇಲೆ ಹಾದುಹೋಗುವ ಜಿಪ್ಪನ್ನು ತೊಟ್ಟವರೇ ಎಳೆದುಕೊಳ್ಳಲಾಗದು. ಆ ಕೆಲಸ ಮಾವನದು. ಜಿಪ್ಪಿಗೆ ಜೇನುಮೇಣ ಉಜ್ಜಿ, ಒಂದು ಕೈಯಲ್ಲಿ ಬುಡ ಹಿಡಿದು, ಇನ್ನೊಂದರಲ್ಲಿ ಎಳೆದೆ. ಮಗಳ ಮದುವೆಯಲ್ಲಿ ಕಾಲು ತೊಳೆದ ಅಳಿಯನನ್ನು ಹೀಗೆ ಪ್ಯಾಕ್ ಮಾಡಬೇಕಾದೀತು ಅಂತ ಪುರೋಹಿತರು ಹೇಳಿರಲಿಲ್ಲ. ಆಮೇಲೆ ಅವರು ಹಾಲಿನ ನಡುವೆ ಕುಕ್ಕರಗಾಲಿನಲ್ಲಿ ಕೂತು, ಕುತ್ತಿಗೆಯ ರಬ್ಬರನ್ನು ಬೆರಳಿನಿಂದ ಬಿಡಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿದರು. ಹಾಗೆ ಗಾಳಿ ಹೋಗುವಾಗ ಆದ ಸದ್ದು ಕೇಳಿ ಕೆಲಸದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಇದರೊಳಗೆ ಹೋದ ಮೇಲೆ ಬಾತ್‌ರೂಮಿಗೆ ಬಂದರೆ?” ಇವಳ ಪ್ರಶ್ನೆ. ಅದಕ್ಕೂ ಒಂದು ವಾಲ್ವು ಇದೆ ಅಂತ ಅಳಿಯ ನನ್ನೊಬ್ಬನಿಗೆ ಮಾತ್ರ ಹೇಳಿದರು. ವಿವರ ಇಲ್ಲಿ ಬೇಡ.

ಈಗ ಕಷ್ಟ ಏನೆಂದರೆ, ಈ ವಿದ್ಯೆಯೇ ತಲೆಗೆಳೆದರೆ ಕಾಲಿಗಿಲ್ಲದ ಹೊದಿಕೆ. ಚಳಿಗೆ ದಪ್ಪ ಉಡುಪು ಹಾಕಿದರೆ ಅದರ ಎಳೆಗಳ ಸಂದಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಬೆಚ್ಚಗಿಡುವುದೇ ಆ ಗಾಳಿ. ಅದೇ ಗಾಳಿ ಮನುಷ್ಯನನ್ನು ತೇಲಿಸುತ್ತದೆ. ಮುಳುಗುವುದಕ್ಕೆ ಸೀಸದ ತುಂಡು ಕಟ್ಟಿಕೊಳ್ಳಬೇಕು, ಕೆಲವರಿಗೆ ಹತ್ತು ಕೆಜಿಗೂ ಮೇಲೆ. ಅಷ್ಟು ಸೀಸ ಸೊಂಟ ಜಗ್ಗುತ್ತದೆ, ಹಾಗಾಗಿ ಬೆನ್ನುಮೂಳೆಯ ಉದ್ದಕ್ಕೂ ಕಿಸೆಗಳಲ್ಲಿ ಹಂಚಬೇಕು. ಸೀಸ ಎಳೆದುಕೊಂಡು ಹೋಗದಿರಲಿ ಅಂತ ಬೆನ್ನ ಮೇಲೆ ಇನ್ನೊಂದು ಗಾಳಿಚೀಲ. ಮುಳುಗುತ್ತ ಹೋದಂತೆ ಸೂಟು ಮೈಗೆ ಹಿಂಡಿಕೊಳ್ಳುತ್ತದೆ, ಎದೆಯ ಮೇಲಿನ ವಾಲ್ವಿನಿಂದ ಒಳಗೆ ಗಾಳಿ ಬಿಟ್ಟುಕೊಳ್ಳಬೇಕು. ಮೇಲೆ ಬರುವಾಗ ಅದೇ ಗಾಳಿ ಹಿಗ್ಗುತ್ತದೆ, 10 ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು. ಅದನ್ನು ಎಡತೋಳಿನ ವಾಲ್ವಿನಿಂದ ಹೊರಗೆ ಬಿಡಬೇಕು. ಆದರೆ ಎಡತೋಳಿನ ಕೆಳಗೆ ಸಿಲಿಂಡರು ಬಿಗಿದು ಕೂತಿದೆ, ಮೊಣಕೈ ಏಳುವುದಿಲ್ಲ. ರಬ್ಬರ್ ಹುರಿಯನ್ನು ಸಡಿಲ ಮಾಡಿದರೆ ಸಿಲಿಂಡರು ಹೊಟ್ಟೆಯ ಕೆಳಗೆ ಜೋತುಬೀಳುತ್ತದೆ. ಬಿಗಿ ಮಾಡಿದರೆ ಪಟ್ಟಿ ಹೋಗಿ ಎದೆಯ ವಾಲ್ವಿನ ಮೇಲೇ ಕೂರುತ್ತದೆ.

ಸಿಲಿಂಡರಿನ ಜಾತಿ ಬೇರೆ. ಮೆಕ್ಸಿಕೋದ್ದು ಅಲ್ಯೂಮಿನಿಯಂ. ತುಂಬಿದಾಗ ಮುಳುಗುತ್ತದೆ, ಖಾಲಿಯಾಗುತ್ತ ಬಂದಂತೆ ಬಾಲ ಮೇಲೆತ್ತುತ್ತದೆ, ಯಾಕೆಂದರೆ ಒಳಗಿನ ಗಾಳಿಯೇ ಎರಡೂವರೆ ಕೆಜಿ ಮೀರಿ ತೂಗುತ್ತದೆ. ಗಾಳಿಯನ್ನು ಕೆಜಿ ಲೆಕ್ಕದಲ್ಲಿ ಕೇಳಿದ್ದು ನಾನು ಅದೇ ಮೊದಲು. ಬಾಲ ಎದ್ದಾಗ ಕೊಕ್ಕೆಯನ್ನು ಸೊಂಟದ ಪಟ್ಟಿಯಲ್ಲಿ ಮುಂದಕ್ಕೆ ಸರಿಸಬೇಕು. ಇಂಗ್ಲೆಂಡಿನಲ್ಲಿ ಉಕ್ಕಿನದು, ಖಾಲಿಯಾದರೂ ಸಾಮಾನ್ಯವಾಗಿ ಬಾಲ ಎತ್ತುವುದಿಲ್ಲ, ಅದಕ್ಕೆ ಕೊಕ್ಕೆಯ ಜಾಗವೇ ಬೇರೆ. ಅಂತೂ ಇದ್ದಬದ್ದ ಪಟ್ಟಿಯನ್ನೆಲ್ಲ ಮತ್ತೆ ಅಳೆದು ಹೊಲಿಸಬೇಕು. ಅಲ್ಲಿ ಕೇಳುವ ಕೂಲಿಗೆ ಇಲ್ಲಿ ಮದುವೆ ಸೂಟೇ ಹೊಲಿಸಬಹುದು ಅಂತ ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ ತಂದಿದ್ದರು.

ಕನಕಪುರ ರಸ್ತೆಯಲ್ಲಿ ಮೆಟ್ರೋ ಕಂಬಗಳ ಸಾಲಿನ ಪಕ್ಕ ಒಬ್ಬ ಬ್ಯಾಗ್ ರಿಪೇರಿಯವನಿದ್ದಾನೆ. ಪಟ್ಟಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, “ಕಾರಿನ ಸೀಟ್ ಬೆಲ್ಟ್ ಥರದ್ದು, ಹೊಲೀಬಹುದು. ಯಾವ ಬಟ್ಟೆ ಮೇಲೆ ಹಾಕ್ಕೋತೀರೋ ಅದನ್ನೇ ತೊಟ್ಕೊಂಡು ಬನ್ನಿ ಸಾರ್” ಅಂದ. ಹೀಗಾಗಿ ಡಿಸೆಂಬರಿನ ಮಟಮಟ ಮಧ್ಯಾಹ್ನ, ಒಳಗೆ ಬೆಚ್ಚನೆ ಉಡುಪು, ಹೊರಗೆ ಕಪ್ಪು ಸೂಟು ತೊಟ್ಟು ಅಳಿಯ ಆಟೋ ಹತ್ತಿದರು. ಆಟೋದವನು ಮೀಟರ್ ಹಾಕಿದ, ಒಂದು ಮಾತೂ ಆಡಲಿಲ್ಲ. ಎಲ್ಲಿಗೆ ಸಾರ್ ಆಸ್ಪತ್ರೆಗಾ ಅಂತಷ್ಟೇ ಕೇಳಿದ.

ಅಳತೆ ತೆಗೆಯುವಾಗ ರಿಪೇರಿಯವನು, “ಉಸಿರು ಎಳ್ಕೊಂಡು ಹೊಟ್ಟೆ ಒಳಗೆ ಮಾಡ್ಬೇಡಿ, ನೀರಲ್ಲಿ ಬಿಡ್ತೀರ ತಾನೆ?” ಅಂದ. ಅಳಿಯ ಓದಿಕೊಂಡು ಬಂದಿದ್ದ ಲೆಕ್ಕಾಚಾರದಲ್ಲಿ ಈ ಅಂಶ ಇರಲಿಲ್ಲ. ಬಿಗಿಯಾಗಿ ಹೊಲಿಯುವುದಕ್ಕೂ ಅವನು ಒಪ್ಪಲಿಲ್ಲ. ಸ್ಕೂಲ್ ಬ್ಯಾಗಿಗೆ ಹಾಕುವ ಹಾಗೆ ಜಾರುವ ಬಕಲ್ ಹಾಕಿ ಪಟ್ಟಿಯ ತುದಿಯಲ್ಲಿ ಗೇಣುದ್ದ ಬಿಟ್ಟ, ಮಡಿಸಿ ನೈಲಾನ್ ದಾರದಲ್ಲಿ ಚೌಕ ಹೊಡೆದು ನಡುವೆ ಓರೆ ಗೆರೆ ಎಳೆದ. ಬೇಸಿಗೆಯಲ್ಲಿ ತೆಳು ಬಟ್ಟೆಗೆ ಎಳೆದುಕೊಳ್ಳಿ, ಚಳಿಗೆ ಬಿಟ್ಟುಕೊಳ್ಳಿ ಅಂದ. ಎದೆಯ ವಾಲ್ವಿನ ಮೇಲೆ ಕೂರುತ್ತಿದ್ದ ಪಟ್ಟಿಯನ್ನು ಮೂರು ಬೆರಳು ಮೇಲಕ್ಕೆ ಸರಿಸಿದ. ಸಣ್ಣ ಕೊಕ್ಕೆಗಳನ್ನು ಬಿಚ್ಚಿ, ಗವಸು ತೊಟ್ಟ ಹೆಬ್ಬೆರಳಿಗೂ ಸಿಗುವಂಥ ದೊಡ್ಡವನ್ನು ಹಾಕಿದ. ಯಾವ ಸಮುದ್ರವನ್ನೂ ನೋಡದ ಮನುಷ್ಯ. ಲೆಸ್ಟರಿನ ತರಬೇತುದಾರರಿಗೆ ಅವನ ವಿಳಾಸ ಕೊಡಬೇಕು ಅಂತ ನನ್ನ ಅಭಿಪ್ರಾಯ.

ಪರೀಕ್ಷೆ ಮಾಡಲು ಸಿಲಿಂಡರು ಎಲ್ಲಿಂದ ತರುವುದು? ವಿಮಾನದಲ್ಲಿ ತರಲು ಅವೇನು ತೆಂಗಿನಕಾಯಿಯಲ್ಲ, ಖಾಲಿ ಉಕ್ಕಿನದೇ ಒಂದೊಂದು ಹದಿನಾಲ್ಕು ಕೆಜಿ. ಹಾರ್ಡ್‌ವೇರ್ ಅಂಗಡಿಯಿಂದ ಆರಿಂಚಿನ ಪಿವಿಸಿ ಪೈಪಿನ ಎರಡು ತುಂಡು ಕೊಯ್ಯಿಸಿ ತಂದು, ಮರಳು ತುಂಬಿ, ಮುಚ್ಚಳ ಬಡಿದು, ತಾರಸಿಯ ಮೇಲೆ ಅಭ್ಯಾಸ. ನನ್ನ ಹಳೆಯ ಸ್ಕೂಟರ್ ಗವಸು ತೊಟ್ಟು, ಕಣ್ಣು ಮುಚ್ಚಿ, ಕೊಕ್ಕೆ ಹಾಕುವುದು, ತೆಗೆಯುವುದು. ಪೈಪು ನೋಡಿದ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಕೇಳಿದರು: “ಬೋರು ಕೊರೆಸ್ತಿದ್ದೀರಾ? ಎಷ್ಟು ಅಡಿಗೆ ಸಿಕ್ತು?” ಈ ಬಡಾವಣೆಯಲ್ಲಿ ಕೇಸಿಂಗ್ ಪೈಪು ಕಂಡರೆ ಜನ ಸುಮ್ಮನಿರುವುದಿಲ್ಲ. ಇಲ್ಲ, ಅಳಿಯನ ಹವ್ಯಾಸ ಅಂದೆ. ಅವರು ನಂಬಲಿಲ್ಲ, ಬೋರಿನಲ್ಲಿ ನೀರು ಬಂದವರು ಯಾರೂ ನಿಜ ಹೇಳುವುದಿಲ್ಲ ಎಂಬುದು ಅವರ ಅನುಭವ.

ಉಳಿದದ್ದು ಒಂದೇ ದೂರು. ಕಳೆದ ಸಲ ನೀರಿಗಿಳಿದಾಗ ಸೂಟಿನ ಎಡತೋಳು ಒಳಗೆ ಒದ್ದೆಯಾಗಿತ್ತಂತೆ. ಎಲ್ಲೋ ಸೂಜಿಮೊನೆಯಷ್ಟು ತೂತು. ನಾನು ಪಂಚರ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಮೊದಲು ಸೂಟನ್ನು ತನ್ನ ನೀರಿನ ತೊಟ್ಟಿಗೆ ಇಳಿಸಲು ನೋಡಿದ, ಮೊಣಕೈಯೂ ಹಿಡಿಸಲಿಲ್ಲ. ಆಮೇಲೆ ಮೂವರೂ ಸೇರಿ ಕುತ್ತಿಗೆಗೆ ಸ್ಟೀಲ್ ಡಬ್ಬ, ಮಣಿಕಟ್ಟಿಗೆ ಒಂದೊಂದು ಉಪ್ಪಿನಕಾಯಿ ಬಾಟಲಿ ತುರುಕಿ, ಜಿಪ್ಪೆಳೆದು, ಎದೆಯ ವಾಲ್ವಿನಿಂದ ಗಾಳಿ ತುಂಬಿದೆವು. ಅದಕ್ಕೆ ಬೇಕಾದ ಪುಟ್ಟ ಜೋಡಣೆ ಅಳಿಯನ ಹತ್ತಿರ ಇತ್ತು. ಫುಟ್‌ಪಾತಿನ ಮೇಲೆ ತಲೆಯಿಲ್ಲದ ದಢೂತಿ ಆಳೊಬ್ಬ ಎದ್ದು ಕೂತ. ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಗೆ ಬಂದರು. ಅಂಗಡಿಯವನು ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಹೊಲಿಗೆಯ ಗುಂಟ ಸವರುತ್ತ ಬಂದ. ತೋಳಿನ ವಾಲ್ವಿನ ಹತ್ತಿರ ಗುಳ್ಳೆ ಎದ್ದಿತು. ಅದು ತೂತಲ್ಲ, ಗಾಳಿ ಹೋಗಲೆಂದೇ ಇರುವ ಬಾಗಿಲು ಅಂತ ಅಳಿಯ ಅದನ್ನು ತಿರುಗಿಸಿ ಬಿಗಿ ಮಾಡಿದರು. ಮೊಣಕೈ ಹಿಂದಿನ ಮಡಿಕೆಯಲ್ಲಿ ಇನ್ನೊಂದು ಗುಳ್ಳೆ, ಸಾಸಿವೆಯಷ್ಟು, ನಿಧಾನವಾಗಿ ಊದಿ ಒಡೆಯಿತು, ಮತ್ತೆ ಊದಿತು. “ಇಲ್ಲೇ” ಅಂದ ಅಂಗಡಿಯವನು ಅರ ಕೈಗೆತ್ತಿಕೊಂಡ. ಉಜ್ಜದೆ ಪಂಚರ್ ಹಾಕಿ ಅವನಿಗೆ ಅಭ್ಯಾಸವಿಲ್ಲ. ಅಳಿಯ ನಡುವೆ ಹಾರಿ ಸೂಟನ್ನು ತಬ್ಬಿಕೊಂಡರು. ತಾವು ತಂದಿದ್ದ ಅಂಟನ್ನು ಒಳಗಡೆಯಿಂದ ಹಚ್ಚಿ ರಾತ್ರಿಯಿಡೀ ಒಣಗಿಸಿದರು.

ಹೊರಡುವ ಮುಂಚೆ ಅದೇ ಅಂಗಡಿಯಿಂದ ಹಳೆಯ ಟೆಂಪೊ ಟ್ಯೂಬನ್ನು ಎರಡೆರಡು ಬೆರಳಗಲ ರಿಂಗುಗಳಾಗಿ ಕೊಯ್ಯಿಸಿಕೊಂಡರು. ಸಿಲಿಂಡರಿಗೆ ತೊಡಿಸಿ, ಗಾಳಿಯ ಕೊಳವೆಗಳನ್ನು ಅದರೊಳಗೆ ಸಿಕ್ಕಿಸಿಡುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲವಂತೆ. ಫ್ಲಾರಿಡಾದ ಗುಹೆಗಳವರು ಹಿಂದೆ ಸೈಕಲ್ ಟ್ಯೂಬನ್ನೇ ರಬ್ಬರ್ ಹುರಿಯಾಗಿಯೂ ಕಟ್ಟಿಕೊಳ್ಳುತ್ತಿದ್ದರು ಅಂದರು. ಇಷ್ಟೆಲ್ಲ ಪೌಂಡು ಸುರಿದು ಕೊಂಡ ಸರಂಜಾಮು ಕೊನೆಗೆ ನಿಂತಿರುವುದು ಟ್ಯೂಬಿನ ಚೂರಿನ ಮೇಲೆ.

ಜನವರಿಯಲ್ಲಿ ಫೋನ್ ಬಂತು. ನೀರು ಆರು ಡಿಗ್ರಿ. ಪಟ್ಟಿ ಸರಿಯಾಗಿ ಕೂತಿದೆ, ಕೊಕ್ಕೆ ಗವಸಿಗೆ ಸಿಗುತ್ತದೆ, ಮೊಣಕೈ ಏಳುತ್ತದೆ, ತೋಳು ಒಣಗಿದೆ. ಆದರೆ ಮುಳುಗಲಿಕ್ಕೆ ಮಾತ್ರ ಇನ್ನೆರಡು ಕೆಜಿ ಸೀಸ ಬೇಕಾಯಿತಂತೆ. ಅತ್ತೆ ಹೆಣೆದುಕೊಟ್ಟ ಉಲ್ಲನ್ ಸ್ವೆಟರನ್ನು ಬೇಡ ಅನ್ನಲಾರದೆ ಒಳಗೆ ಹಾಕಿಕೊಂಡಿದ್ದರು. ಇವಳಿಗೆ ಅದರಲ್ಲಿ ಬೇಸರವೇನಿಲ್ಲ. “ಬೆಚ್ಚಗಿತ್ತಾ ಇಲ್ವಾ, ಅದು ಹೇಳಿ” ಅಂದಳು. ಬೆಚ್ಚಗಿತ್ತಂತೆ.

ಜೊತೆಗೆ ಇನ್ನೊಂದು ಬೇಡಿಕೆ. ಅಲ್ಲಿಯ ಗೆಳೆಯರೆಲ್ಲ ರಿಂಗು ನೋಡಿ ತಮಗೂ ಬೇಕು ಅಂದಿದ್ದಾರೆ. ಪಂಚರ್ ಅಂಗಡಿಗೆ ಹೋಗಿ ಹೇಳಿದೆ. ಅವನು ಜ್ಯಾಕ್ ಕೆಳಗಿಟ್ಟು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. “ಇಲ್ಲಿ ಟ್ಯೂಬ್‌ಲೆಸ್ ಬಂದು ನಮ್ ಕಸುಬೇ ಹೋಗ್ತಾ ಇದೆ, ಅಲ್ಲಿ ಹಳೇ ಟ್ಯೂಬ್ ಕೇಳ್ತಾರಾ ಸಾರ್? ಮೊದಲನೇ ಸಲ ಅಂತ ಸುಮ್ನೆ ಕೊಟ್ಟಿದ್ದೆ. ಈಗ ರಿಂಗಿಗೆ ಐದು ರೂಪಾಯಿ. ಫಾರಿನ್‌ಗೆ ಅಂತ ಜಾಸ್ತಿ ಹೇಳ್ತಿಲ್ಲ ಮತ್ತೆ.”