28 ಗೆದ್ದರೂ ಸೀಟಿಲ್ಲ!

ಅಲ್ಲಾ ರಾಯರೇ, ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದ್ರೆ ಎತ್ತರದ ಹುಡುಗರ ಆಟ ಅಂದ್ಕೊಂಡಿದ್ದೀರೇನು? ಮಾರ್ಚ್ ಬಂತು ಅಂದ್ರೆ ಅಸಲಿ ಆಟ ಕೋಣೆಯೊಳಗೆ ಕೂತ 12 ಜನರ ಸಮಿತೀದು! 2025ರ ಎನ್‌ಸಿಎಎ ಪಂದ್ಯಾವಳಿಗೆ 68 ತಂಡ. ಕಾನ್ಫರೆನ್ಸ್ ಅಂದ್ರೆ ಕಾಲೇಜುಗಳ ಗುಂಪು; ಒಂದೊಂದು ಕಾನ್ಫರೆನ್ಸ್‌ನ ಚಾಂಪಿಯನ್‌ಗೂ ಒಂದೊಂದು ಸೀಟು, ಅದನ್ನ ಯಾರೂ ಕಿತ್ಕೊಳ್ಳೋ ಹಾಗಿಲ್ಲ. ಹಾಗೆ ಹೋದದ್ದು 31. ಉಳಿದ 37 ಸಮಿತಿಯ ಮರ್ಜಿ. ಪಿತ್ತ ಕೆರಳೋದು ಅಲ್ಲೇ.

2024ರ ಇಂಡಿಯಾನಾ ಸ್ಟೇಟ್ ಕತೆ ಕೇಳಿ. ಲ್ಯಾರಿ ಬರ್ಡ್ ಆಡಿದ ಕಾಲೇಜು ಅದು. 1979ರ ಫೈನಲ್‌ನಲ್ಲಿ ಮ್ಯಾಜಿಕ್ ಜಾನ್ಸನ್ ತಂಡದ ಎದುರು ನಿಂತಿತ್ತು. 2024ರಲ್ಲಿ 28 ಗೆದ್ದು ಬರೀ 6 ಸೋತಿದ್ರು. ಸಮಿತಿಯವರೇ ಮುಂದಿಟ್ಕೊಳ್ಳೋ 'ನೆಟ್' ರ‍್ಯಾಂಕಿಂಗ್‌ನಲ್ಲಿ ಮೊದಲ 30ರೊಳಗಿದ್ರು. ಮಿಸೌರಿ ವ್ಯಾಲಿ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಡ್ರೇಕ್‌ಗೆ ಸೋತರು ನೋಡಿ, ಮುಗೀತು. ಸೀಟಿಲ್ಲ!

ಮರುವರ್ಷ ಟೆಕ್ಸಸ್ ತನ್ನ ಕಾನ್ಫರೆನ್ಸ್‌ನ 18 ಪಂದ್ಯದಲ್ಲಿ 12 ಸೋತಿತು. ಸೀಟು ಸಿಕ್ತು. ನಾರ್ತ್ ಕ್ಯಾರೊಲಿನಾ 'ಕ್ವಾಡ್ 1' ಅನ್ನೋ ಕಠಿಣ ಪಂದ್ಯ 13 ಆಡಿ ಒಂದೇ ಒಂದು ಗೆದ್ದಿತ್ತು. ಅದಕ್ಕೂ ಸಿಕ್ತು. ಆಗ ಸಮಿತಿಯ ಅಧ್ಯಕ್ಷರು ಅದೇ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಾಗಿದ್ರು! ತಮ್ಮ ತಂಡದ ಮಾತು ಬಂದಾಗ ನಿಯಮದಂತೆ ಪಕ್ಕಕ್ಕೆ ಸರಿದಿದ್ರು, ಅದನ್ನೂ ಹೇಳ್ಬೇಕು.

'ಚಿಕ್ಕೋರು ದೊಡ್ಡೋರನ್ನ ಸೋಲಿಸಿ ತೋರಿಸ್ಲಿ' ಅಂತೀರಾ? ಆಡೋಕೆ ಕರೆದ್ರೆ ತಾನೇ! ದೊಡ್ಡ ಕಾಲೇಜಿನೋರು ಚಿಕ್ಕೋರ ಊರಿಗೆ ಹೋಗೋದೇ ಅಪರೂಪ. ಅಲ್ಲಿ ಗೆದ್ರೆ ಯಾರೂ ಹೊಗಳಲ್ಲ, ಸೋತ್ರೆ ಮಾನ ಹೋಗತ್ತೆ. ಸುಲಭವಾಗಿ ಸೋಲೋ ತಂಡಕ್ಕಾದ್ರೆ ದುಡ್ಡು ಕೊಟ್ಟು ತಮ್ಮ ಅಂಗಳಕ್ಕೇ ಕರೆಸ್ಕೋತಾರೆ. ಕೆಳಗೆ ಬೀಳಿಸೋ ತಾಕತ್ತಿರೋ ಚಿಕ್ಕ ತಂಡ ಕಂಡ್ರೆ ಮಾತ್ರ ಮುಖ ತಿರುಗಿಸ್ತಾರೆ. ದೊಡ್ಡೋರು ತಮ್ಮತಮ್ಮಲ್ಲೇ ಆಡ್ಕೊಂಡ್ರೆ ಸೋತ್ರೂ ಅದು 'ಒಳ್ಳೇ ಸೋಲು'. ಹುಚ್ಚು ಬಿಡೋವರೆಗೂ ಮದುವೆಯಾಗಲ್ಲ, ಮದುವೆಯಾಗೋವರೆಗೂ ಹುಚ್ಚು ಬಿಡಲ್ಲ ಅನ್ನೋ ಹಾಗಾಯ್ತು ಚಿಕ್ಕೋರ ಗತಿ. ದೊಡ್ಡೋರ ಗತಿ ನೋಡಿ: 2025ರಲ್ಲಿ ಟೆಕ್ಸಸ್ ಇರೋ ಎಸ್‌ಇಸಿ ಕಾನ್ಫರೆನ್ಸ್‌ನ 16 ತಂಡಗಳಲ್ಲಿ 14 ಒಳಗೆ ಕೂತವು!

ಚಿಕ್ಕೋರಿಗೆ ಸೀಟು ಕೊಟ್ಟು ಕೆಟ್ಟವರುಂಟೇ? 2006ರಲ್ಲಿ ಜಾರ್ಜ್ ಮೇಸನ್‌ಗೆ ಕೊಟ್ಟಾಗ ಟಿವಿ ವೀಕ್ಷಕ ವಿವರಣೆಗಾರ ಬಿಲ್ಲಿ ಪ್ಯಾಕರ್ ಮೂಗು ಮುರಿದ್ರು. ಆ ಹುಡುಗರು ಯುಕಾನ್‌ನಂಥ ಘಟಾನುಘಟಿಯನ್ನ ಸೋಲಿಸಿ 'ಫೈನಲ್ ಫೋರ್'ಗೆ, ಅಂದ್ರೆ ಸೆಮಿಫೈನಲ್‌ಗೆ ಹೋದ್ರು. 2011ರಲ್ಲಿ ವಿಸಿಯು ಅನ್ನೋ ಕಾಲೇಜಿಗೆ ಕೊಟ್ಟಾಗಲೂ ಅದೇ ರಗಳೆ. 'ಫಸ್ಟ್ ಫೋರ್' ಅನ್ನೋ ಆರಂಭದ ಸುತ್ತಿನಿಂದ ಹೊರಟು, ಕ್ಯಾನ್ಸಸ್ ತಂಡವನ್ನ ಮನೆಗೆ ಕಳಿಸಿ, ಅವರೂ ಫೈನಲ್ ಫೋರ್ ಆಡಿದ್ರು. ಎರಡೂ ತಮ್ಮ ಕಾನ್ಫರೆನ್ಸ್‌ನ ಪಂದ್ಯಾವಳಿ ಗೆಲ್ಲದೆ, ಸಮಿತಿ ಕರೆದದ್ದಕ್ಕೆ ಬಂದ ತಂಡಗಳು.

ಅದಕ್ಕೇ ರಾಯರೇ, ನನ್ನನ್ನ ಕೇಳಿದ್ರೆ ಒಂದೇ ನಿಯಮ ಸಾಕು. ತನ್ನ ಕಾನ್ಫರೆನ್ಸ್‌ನಲ್ಲಿ ಅರ್ಧದಷ್ಟು ಪಂದ್ಯಗಳನ್ನೂ ಗೆಲ್ಲದ ತಂಡ, ಎಷ್ಟೇ ದೊಡ್ಡ ಮನೆತನದ್ದಾಗಲಿ, ಸಮಿತಿಯ ಸೀಟಿಗೆ ಕೈಯೊಡ್ಡಬಾರದು. ಆ ಜಾಗ 28 ಗೆದ್ದೋರದ್ದು.