ಕತ್ತೆತ್ತಿ ನೋಡುವ ವಿಧಾನ: ಚಳಿಗಾಲದ ಆವೃತ್ತಿ

ಜನವರಿಯಲ್ಲಿ ಮೂರು ದಿನದ ಮಟ್ಟಿಗೆ ಪ್ರಾಗ್ ನಗರಕ್ಕೆ ಹೋಗಿ ಅಲ್ಲಿನ ಕಟ್ಟಡಗಳನ್ನು ಮೆಚ್ಚಿಕೊಂಡು ಬರಬೇಕೆಂದಿರುವ, ಆದರೆ ಹದಿನೆಂಟು ಡಿಗ್ರಿಗೇ ಸ್ವೆಟರ್ ಹುಡುಕುವ ಬೆಂಗಳೂರಿಗರಿಗಾಗಿ ಈ ಕೈಪಿಡಿ. ಬೇಕಾದ ಉಪಕರಣ ಒಂದೇ, ನಿಮ್ಮ ಕತ್ತು. ಬಳಸುವ ಮುನ್ನ ಅದಕ್ಕೆ ಮಫ್ಲರ್ ಸುತ್ತತಕ್ಕದ್ದು. ಎರಡು ಸುತ್ತು ಸಾಕು. ಮೂರಾದರೆ ಕತ್ತು ಮೇಲೇಳುವುದಿಲ್ಲ, ಆಮೇಲೆ ಕಾಣುವುದೆಲ್ಲ ನೆಲವೇ. (ನೆಲವನ್ನೂ ಹಗುರವಾಗಿ ಕಾಣಬೇಡಿ. ಕಾಲುದಾರಿಗಳಲ್ಲಿ ಅಂಗೈಗಿಂತ ಚಿಕ್ಕ ಕಲ್ಲುಗಳನ್ನು ರಂಗೋಲಿಯ ಹಾಗೆ ಕೂರಿಸಿದ್ದಾರೆ. ಹಿಮ ಗಟ್ಟಿಯಾದ ದಿನ ಆ ರಂಗೋಲಿಯ ಪರಿಚಯ ಬೆನ್ನಿಗೂ ಆಗಬಹುದು.)

ಸೂರ್ಯ ಎಂಟರ ಸುಮಾರಿಗೆ ಬಂದು ನಾಲ್ಕು ದಾಟುತ್ತಲೇ ಹೊರಡುತ್ತಾನೆ. ಆದ್ದರಿಂದ ನೋಡಬೇಕಾದವುಗಳ ಪಟ್ಟಿ ಬರೆದುಕೊಂಡು, ಅರ್ಧವನ್ನು ಹೋಟೆಲಿನಲ್ಲೇ ಹೊಡೆದುಹಾಕಿ.

ಮೊದಲು ಹಳೆ ಪೇಟೆಯ ಚೌಕದ ಖಗೋಳ ಗಡಿಯಾರ. 1410ರದ್ದು. ಗಂಟೆಗೊಮ್ಮೆ ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಶಿಷ್ಯರು ಒಬ್ಬೊಬ್ಬರಾಗಿ ಇಣುಕುತ್ತಾರೆ, ಪಕ್ಕದಲ್ಲಿ ಅಸ್ಥಿಪಂಜರವೊಂದು ಗಂಟೆಯಾಡಿಸುತ್ತದೆ. ಹತ್ತು ನಿಮಿಷ ಮುಂಚೆ ಹೋಗಿ ಜಾಗ ಹಿಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಒಂದು ನಿಮಿಷದ ಮೆರವಣಿಗೆಗೆ ಹತ್ತು ನಿಮಿಷ ಕಾಲು ಕುಟ್ಟುತ್ತಾ ನಿಲ್ಲುವುದು ನಷ್ಟದ ವ್ಯಾಪಾರ. ಫೋನೆತ್ತಿದ ಕೈಗಳೆಲ್ಲ ಜೇಬಿಗೆ ಇಳಿದು ಜನ ಚದುರಿದ ಮೇಲೆ ಹೋಗಿ. ಶಿಷ್ಯರನ್ನು ಬಿಟ್ಟು ಗಡಿಯಾರದ ಮುಖವನ್ನು ನೋಡಿ. ತೀರಾ ಹೊರಗೆ, ಕಪ್ಪಿನ ಮೇಲೆ ಬಂಗಾರದಲ್ಲಿ 1ರಿಂದ 24ರವರೆಗೆ ಬರೆದ ಬಳೆಯೊಂದಿದೆ. ಅದು ಹಳೆಯ ಬೊಹೀಮಿಯಾದ ಲೆಕ್ಕ, ದಿನದ ಎಣಿಕೆ ಸೂರ್ಯಾಸ್ತದಿಂದ ಶುರು. ಸೂರ್ಯ ಮುಳುಗುವಾಗ ಬಂಗಾರದ ಕೈ 24ರ ಮೇಲೆ ಬರಲೆಂದು ಆ ಬಳೆಯೇ ವರ್ಷವಿಡೀ ಹಿಂದೆಮುಂದೆ ಜರುಗುತ್ತಿರುತ್ತದೆ. ಪಂಚಾಂಗ ನೋಡುವ ನಮ್ಮವರು ಸೂರ್ಯೋದಯದಿಂದ ಘಳಿಗೆ ಎಣಿಸುತ್ತಾರಲ್ಲ, ಅದರ ತಿರುಗುಮುರುಗು. ಬೇಸಿಗೆಯಲ್ಲಿ ಬಂದವರಿಗೆ ಇದು ಒಂದು ಕೌತುಕ, ಅಷ್ಟೆ. ಜನವರಿಯಲ್ಲಿ ನಾಲ್ಕೂಕಾಲಿಗೆ ದಿನ ಮುಗಿಯಿತೆಂದು ಗಡಿಯಾರ ಸಾರಿದರೆ ನಿಮ್ಮ ಮೂಗಿನ ತುದಿಯೂ ಹೌದೆನ್ನುತ್ತದೆ.

ಮುಂದೆ ಚಾರ್ಲ್ಸ್ ಸೇತುವೆ. 1357ರಲ್ಲಿ ಕಟ್ಟಲು ತೊಡಗಿದ್ದು, ಉದ್ದ ಅರ್ಧ ಕಿಲೋಮೀಟರಿಗೆ ತುಸು ಹೆಚ್ಚು, ಗಾಳಿಗೆ ಅಡ್ಡ ಏನೂ ಇಲ್ಲ. ಮೂವತ್ತು ಮೂರ್ತಿಗಳಿವೆ, ತಲಾ ನಾಲ್ಕು ಸೆಕೆಂಡಿಗಿಂತ ಹೆಚ್ಚು ಭಕ್ತಿ ತೋರಬೇಡಿ. ಗಾರೆ ಗಟ್ಟಿಯಾಗಲೆಂದು ಊರೂರಿಂದ ಮೊಟ್ಟೆ ತರಿಸಿದರೆಂದೂ ವೆಲ್ವಾರಿ ಊರಿನವರು ದಾರಿಯಲ್ಲಿ ಒಡೆಯದಿರಲೆಂದು ಬೇಯಿಸಿ ಕಳಿಸಿದರೆಂದೂ ಕಥೆಯಿದೆ. ಗಾರೆಗೆ ಬೆಲ್ಲ ಹಾಕುತ್ತಿದ್ದ ನಾಡಿನಿಂದ ಬಂದ ನಾವು ಇದನ್ನು ಸುಲಭವಾಗಿ ನಂಬುತ್ತೇವೆ. ನೆಪೊಮುಕ್ ಸಂತನ ಕೆಳಗಿನ ಕಂಚಿನ ಫಲಕ ಮುಟ್ಟಿದರೆ ಅದೃಷ್ಟವಂತೆ. ಲಕ್ಷಾಂತರ ಕೈ ತಾಗಿ ಫಳಫಳ ಎನ್ನುತ್ತಿದೆ. ಕೈಗವಸು ಕಳಚಿ ಮುಟ್ಟಬೇಕೇ ಎಂಬುದು ಅವರವರ ಶ್ರದ್ಧೆಗೆ ಬಿಟ್ಟದ್ದು. ನಾನು ಮೊಣಕೈ ತಾಗಿಸಿ ಬಂದೆ.

ಈಗ 22ನೇ ನಂಬರಿನ ಟ್ರಾಮ್ ಹತ್ತಿ ಕೋಟೆಗೆ ಹೋಗಿ. ನಡೆದೇ ಹತ್ತುವುದು ಶ್ರೇಷ್ಠ ಎನ್ನುವವರು ಮೇ ತಿಂಗಳಲ್ಲಿ ಬಂದವರು.

ಕೋಟೆಯೊಳಗಿನ ಸೇಂಟ್ ವೈಟಸ್ ಕೆಥೆಡ್ರಲ್ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿಯಿತು. ಮನೆ ಕಟ್ಟಿಸುತ್ತಿರುವವರು ಈ ಎರಡು ಇಸವಿಗಳನ್ನು ಮೇಸ್ತ್ರಿಯ ಕಿವಿಗೆ ಬೀಳಿಸಬಾರದು. ಎಲ್ಲರೂ ಫೋಟೋ ತೆಗೆಯುವ ಪಶ್ಚಿಮದ ಜೋಡಿ ಗೋಪುರವೇ ಈಚಿನದು. ಹಳೆಯ ಭಾಗ ಬೇಕೆಂದರೆ ಪ್ರದಕ್ಷಿಣೆ ಹಾಕಿ ಪೂರ್ವಕ್ಕೆ ಹೋಗಬೇಕು. ಅಲ್ಲಿ ಕತ್ತೆತ್ತಿ. ಬೇಲೂರಿನಲ್ಲಿ ಜಗತಿ ಹತ್ತಿದರೆ ಆನೆ, ಕುದುರೆ, ಬಳ್ಳಿ ಎಲ್ಲ ಕೈಗೆಟುಕುವಷ್ಟು ಹತ್ತಿರ; ಬಗ್ಗಿ ನೋಡಿ ಕಲಿತ ಕಣ್ಣು ನಮ್ಮದು. ಇಲ್ಲಿ ಅದು ನಡೆಯದು. ಒಳಗಿನ ಕಮಾನು ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ, ಹೊರಗಿನಿಂದ ಕಲ್ಲಿನ ತೋಳುಗಳು ಅದನ್ನು ಆತುಕೊಂಡು ನಿಂತಿವೆ. ಭಾರ ಆ ತೋಳುಗಳ ಪಾಲಾದ್ದರಿಂದ ಗೋಡೆ ಹಗುರಾಗಿ ಬಹುಪಾಲು ಗಾಜೇ ಆಗಿಬಿಟ್ಟಿದೆ. ತೋಳಿನ ಮೇಲೊಂದು ಗೆರೆ ಹಿಮ ಕೂತಿದ್ದರೆ ಭಾರ ಇಳಿದುಬರುವ ದಾರಿಯನ್ನು ಯಾರೋ ಸುಣ್ಣದಲ್ಲಿ ಗುರುತು ಹಾಕಿದ ಹಾಗೆ ಕಾಣುತ್ತದೆ. ಬೇಸಿಗೆಯವರಿಗೆ ಈ ಭಾಗ್ಯವಿಲ್ಲ.

ಒಳಗೆ ಬೆಚ್ಚಗಿದ್ದೀತೆಂದು ನಂಬಿ ನುಗ್ಗಬೇಡಿ. ನುಗ್ಗಿದ್ದೇ ಆದರೆ ಆಲ್ಫೋನ್ಸ್ ಮುಖಾ ವಿನ್ಯಾಸಗೊಳಿಸಿದ ಕಿಟಕಿಯ ಬುಡ ನೋಡಿ. ಸಂತರ ಚಿತ್ರಗಳ ಕೆಳಗೆ, ಹಣ ಕೊಟ್ಟ ಸ್ಲಾವಿಯಾ ಬ್ಯಾಂಕಿನ ಹೆಸರಿದೆ. ಟ್ಯೂಬ್‌ಲೈಟಿನ ಬೆಳಕಿಗಿಂತ ದಾನಿಯ ಹೆಸರು ದೊಡ್ಡದಾಗಿ ಕಾಣುವ ನಮ್ಮ ದೇವಸ್ಥಾನ ನೆನಪಾಗಿ ಮನಸ್ಸಾದರೂ ಬೆಚ್ಚಗಾದೀತು.

ದೋಷ ನಿವಾರಣೆ: ಕಾಲ್ಬೆರಳು ಇವೆಯೋ ಇಲ್ಲವೋ ಎಂಬ ಸಂಶಯ ಬಂದ ಕೂಡಲೇ ವಾಸ್ತುಶಿಲ್ಪದ ಅಧ್ಯಯನವನ್ನು ಕೆಫೆಗೆ ವರ್ಗಾಯಿಸತಕ್ಕದ್ದು. ಇದಕ್ಕೆಂದೇ ಯೋಸೆಫ್ ಗೋಚಾರ್ 1912ರಲ್ಲಿ ಕಟ್ಟಿ ಮುಗಿಸಿದ ಕಪ್ಪು ಮಡೋನಾ ಮನೆಯಿದೆ. ಕ್ಯೂಬಿಸಂ ಅನ್ನು ಚಿತ್ರದಿಂದ ಕಟ್ಟಡಕ್ಕೆ ಇಳಿಸಿದ್ದು ಈ ಊರಿನವರ ಹೆಚ್ಚುಗಾರಿಕೆ. ಮೊದಲ ಮಹಡಿಯ ಕೆಫೆಯಲ್ಲಿ ದೀಪಗಳಿಗೂ ಮೂಲೆಗಳಿವೆ. ಬಿಸಿ ಚಾಕೊಲೇಟ್ ಹೇಳಿ, ಮಂಕಿ ಕ್ಯಾಪ್ ತೆಗೆದು, ಮಫ್ಲರ್ ಬಿಚ್ಚಿ, ಕುರ್ಚಿಗೆ ಒರಗಿ ಚಾವಣಿ ನೋಡಿ. ದಿನದಲ್ಲಿ ಮೊದಲ ಸಲ ಕತ್ತು ಹೇಳಿದ ಮಾತು ಕೇಳುತ್ತದೆ. ಕಿಟಕಿಯಾಚೆ ಆಗಲೇ ಕತ್ತಲು. ಫೋನಿನಲ್ಲಿ ಐದೂಕಾಲು, ಚೌಕದಲ್ಲಿ ಬಂಗಾರದ ಕೈ ಹೊಸ ದಿನದ ಒಂದು ಗಂಟೆಯನ್ನು ತೋರಿಸುತ್ತಿರುತ್ತದೆ.