ನಿಮಗೆ ಬಂತಾ ರಾಯರೇ?

ಬೆಳಗ್ಗೆ ಕಾಂಪೌಂಡ್ ಆಚೆಯಿಂದ ಯಾರಾದರೂ "ಬಂತಾ?" ಅಂತ ಕೂಗಿದರೆ ಮೊದಲೆಲ್ಲ ಓಡಿಹೋಗಿ ನಲ್ಲಿ ತಿರುಗಿಸಿ ನೋಡುತ್ತಿದ್ದೆವು. ಈಗ ಫೋನ್ ತೆಗೆದು ನೋಡುತ್ತೇವೆ. ಪಕ್ಕದ ಮನೆಯ ರಾಯರು ಬ್ಯಾಂಕಿನಿಂದ ನಿವೃತ್ತರಾದವರು, ನಾನು ಹೈಸ್ಕೂಲಿನಿಂದ. ಇಬ್ಬರೂ ಒಂದೇ ಅಂಗಡಿಯ ದೀಪಾವಳಿ ಆಫರಿನಲ್ಲಿ ಒಂದೇ ಮಾಡೆಲ್ ಫೋನ್ ಕೊಂಡೆವು. ಬಣ್ಣ ಮಾತ್ರ ಬೇರೆ. ಹೊಸ ಆಂಡ್ರಾಯ್ಡ್ ಅವರಿಗೆ ಕಳೆದ ವಾರವೇ ಬಂತು. ನನ್ನ ಫೋನು, ತನ್ನಲ್ಲಿ ಇರುವುದೇ ಹೊಸದು ಅಂತ ಸಾಧಿಸಿಕೊಂಡು ಕೂತಿದೆ.

"ನೀಲಿ ಬಣ್ಣದ್ದಕ್ಕೆ ಮೊದಲು ಕೊಡ್ತಾರೋ ಏನೋ ಮೇಷ್ಟ್ರೇ" ಅಂದರು ರಾಯರು, ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಾ. ಮಾತಿನಲ್ಲಿ ಮರುಕವಿತ್ತು, ಮುಖದಲ್ಲಿ ಇರಲಿಲ್ಲ.

ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರ್ಪೊರೇಷನ್ನಿನವನು ನೀರು ಬಿಡುವ ಹಾಗೆಯೇ ಇದೂ: ಎಲ್ಲ ಬೀದಿಯ ವಾಲ್ವನ್ನೂ ಒಟ್ಟಿಗೆ ತಿರುಗಿಸುವುದಿಲ್ಲ. ಮೊದಲು ಕೆಲವೇ ಫೋನುಗಳಿಗೆ ಬಿಟ್ಟು ನೋಡುತ್ತಾರೆ. ಅವು ಕೆಟ್ಟು ಕೂತರೆ ಅಲ್ಲಿಗೇ ನಿಲ್ಲಿಸಿ ರಿಪೇರಿ ಮಾಡಿ ಮುಂದಿನವರಿಗೆ ಕಳಿಸುತ್ತಾರೆ. "ಅಂದ್ರೆ ಈಗ ನಿಮ್ಮ ಫೋನಿನ ಮೇಲೆ ಟೆಸ್ಟ್ ನಡೀತಿದೆ ರಾಯರೇ" ಅಂದೆ. ರಾಯರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.

ಅಲ್ಲಿಯವರೆಗೆ ಬರುವುದಕ್ಕೂ ಹೊಸ ಆಂಡ್ರಾಯ್ಡಿಗೆ ದಾರಿ ಸಣ್ಣದಲ್ಲ. ಗೂಗಲ್ ಬರೆದದ್ದನ್ನು ಚಿಪ್ ಮಾಡುವವರು ತಮ್ಮ ಚಿಪ್ಪಿಗೆ ಹೊಂದಿಸಬೇಕು. ಆಮೇಲೆ ಫೋನ್ ಕಂಪನಿ ಅದಕ್ಕೆ ತನ್ನದೇ ಐಕಾನು, ತನ್ನದೇ ಕ್ಯಾಮೆರಾ, ಯಾರೂ ಕೇಳದ ನಾಲ್ಕಾರು ಆ್ಯಪು ಸೇರಿಸಬೇಕು. ಅಮೆರಿಕದಲ್ಲಿ ಸಿಮ್ ಕೊಡುವ ಕಂಪನಿಯೂ ಪರೀಕ್ಷಿಸಿ ಒಪ್ಪಬೇಕು. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಗೂಗಲ್ 'ಪ್ರಾಜೆಕ್ಟ್ ಟ್ರೆಬಲ್' ಅಂತ ಒಂದು ಏರ್ಪಾಡು ತಂದು, ಚಿಪ್ಪಿನ ಕಡೆಯ ಕೆಲಸವನ್ನೂ ಆಂಡ್ರಾಯ್ಡಿನ ಮೈಯನ್ನೂ ಬೇರೆ ಮಾಡಿತು. ಕಾಯುವುದು ಕಡಿಮೆಯಾಯಿತು, ತಪ್ಪಲಿಲ್ಲ.

ಐಫೋನಿನವರಿಗೆ ಈ ಪಾಡಿಲ್ಲ. ಫೋನೂ ಚಿಪ್ಪೂ ಒಂದೇ ಕಂಪನಿಯವು. ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಬೆಳಗ್ಗೆ ಹತ್ತು ಗಂಟೆ, ನಮ್ಮ ರಾತ್ರಿ ಹತ್ತೂವರೆ ಆಯಿತೆಂದರೆ ಎಲ್ಲರಿಗೂ ಒಟ್ಟಿಗೆ ಬಾಗಿಲು ತೆರೆಯುತ್ತದೆ. ರಾಯರ ಮಗಳು ಆ ರಾತ್ರಿ ವೈಫೈ ಪೆಟ್ಟಿಗೆಯ ಪಕ್ಕದಲ್ಲೇ ಕೂತಿರುತ್ತಾಳೆ. ಆದರೆ ಐಫೋನಿನವರೂ ಒಮ್ಮೆ ಕಾದಿದ್ದಾರೆ. 2022ರ ಅಕ್ಟೋಬರಿನಲ್ಲಿ 5ಜಿ ಶುರುವಾದಾಗ ಏರ್‌ಟೆಲ್ಲಿನ ಮೊದಲ ಎಂಟು ಊರುಗಳಲ್ಲಿ ಬೆಂಗಳೂರೂ ಇತ್ತು. 5ಜಿ ಐಫೋನ್ ಕೈಯಲ್ಲಿದ್ದವರಿಗೆ ಮಾತ್ರ ಡಿಸೆಂಬರಿನಲ್ಲಿ ಐಒಎಸ್ 16.2 ಬರುವ ತನಕ 4ಜಿಯೇ ಗತಿ.

ಆಂಡ್ರಾಯ್ಡಿನವರು ಮೊದಲು ಕಾಯಿಸುವಾಗ ಬಾಯಿಗಾದರೂ ಸಿಹಿ ಹಾಕುತ್ತಿದ್ದರು. 2009ರ ಕಪ್‌ಕೇಕಿನಿಂದ 2018ರ ಪೈವರೆಗೆ ಅಕ್ಷರಮಾಲೆಯ ಕ್ರಮದಲ್ಲಿ ತಿಂಡಿಗಳ ಹೆಸರು. 2015ರಲ್ಲಿ 'ಎಂ' ಅಕ್ಷರದ ಸರದಿ. ಮೈಸೂರಿನವರಾದ ನಮಗೆ ಅನುಮಾನವೇ ಇರಲಿಲ್ಲ. ಇಟ್ಟದ್ದು ಮಾರ್ಷ್‌ಮೆಲೋ! ಅದೇ ಡಿಸೆಂಬರಿನಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ದೆಹಲಿಯ ಕಾಲೇಜೊಂದಕ್ಕೆ ಬಂದಾಗ, ಭಾರತದ ಸಿಹಿಯ ಹೆಸರು ಯಾಕಿಲ್ಲ ಅನ್ನುವ ಪ್ರಶ್ನೆ ಎದ್ದಿತು. ಅಮ್ಮನನ್ನು ಕೇಳುತ್ತೇನೆ ಅಂದರು ಪುಣ್ಯಾತ್ಮ. 'ಎನ್' ಬಂದಾಗ ಕೇರಳದವರು ನೆಯ್ಯಪ್ಪಂ ಆಗಲಿ ಅಂತ ಪ್ರಚಾರವನ್ನೇ ಹೂಡಿದರು. ಆದದ್ದು ನೂಗಾ. 2019ರಲ್ಲಿ ಸಿಹಿಯ ಹೆಸರು ನಿಲ್ಲಿಸಿ ಬರೀ ಅಂಕಿ ಇಟ್ಟರು. ನಮ್ಮ ವಯಸ್ಸಿನವರಿಗೆ ಅದೇ ಸರಿ ಅಂದರು ರಾಯರು. ಅವರಿಗೆ ಶುಗರ್ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಅವರ ಪ್ರಶ್ನೆ ಒಂದೇ: "ಬಂದು ಏನಾಗ್ಬೇಕು ಮೇಷ್ಟ್ರೇ? ನಂಗೆ ಬಂತಲ್ಲ, ಗಡಿಯಾರ ದಪ್ಪ ಆಯ್ತು, ಅಷ್ಟೇ."

ಇಲ್ಲಿ ನಾನು ಸ್ವಲ್ಪ ಗಂಭೀರನಾದೆ. ಕನ್ನಡದವರು ಈ ಮಾತು ಆಡಬಾರದು. 2010–11ರ ಸುಮಾರಿನ ಫೋನುಗಳನ್ನು ನೆನೆಸಿಕೊಳ್ಳಿ. ಯಾರಾದರೂ ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಖಾಲಿ ಚೌಕಗಳ ಸಾಲು ಬಂದು ನಿಲ್ಲುತ್ತಿತ್ತು. ಕೆಲವು ಫೋನುಗಳಲ್ಲಿ ಅಕ್ಷರ ಇದ್ದರೂ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿರುತ್ತಿತ್ತು. ಕಾಪಿ ತಿದ್ದಿದ ಕೈ ಕೆಂಪು ಪೆನ್ನು ಹುಡುಕುತ್ತಿತ್ತು. ಕನ್ನಡದ ಪತ್ರಿಕೆ ಓದಬೇಕೆಂದರೆ ಒಪೆರಾ ಮಿನಿಯ ಒಳಗೆ ಹೊಕ್ಕು, ಅಕ್ಷರಗಳನ್ನು ಚಿತ್ರದ ರೂಪದಲ್ಲಿ ತೋರಿಸು ಅನ್ನುವ ಗುಪ್ತ ಆಯ್ಕೆಯೊಂದನ್ನು ಒತ್ತಬೇಕಿತ್ತು. ಅದನ್ನು ತಿಳಿದ ಹುಡುಗರಿಗೆ ನೆಂಟರ ಮನೆಗಳಲ್ಲಿ ಎರಡು ಲೋಟ ಕಾಫಿ.

2012ರಲ್ಲಿ ಆಂಡ್ರಾಯ್ಡ್ 4.1, ಜೆಲ್ಲಿ ಬೀನ್ ಬಂತು. ಅದರ ಜೊತೆ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಜಾಗ ಸಿಕ್ಕಿತು. ಎರಡು ವರ್ಷದ ಮೇಲೆ 5.0, ಲಾಲಿಪಾಪಿನಲ್ಲಿ ಫೋನಿನ ಮೆನುವೇ ಕನ್ನಡವಾಗುವ ಅವಕಾಶ ಬಂತು. ಒಂದು ತಲೆಮಾರಿನ ಅಜ್ಜಿಯರು ವಾಟ್ಸ್ಆ್ಯಪಿನಲ್ಲಿ ರಂಗೋಲಿಯ ಜೊತೆ ಶುಭೋದಯ ಓದುವಂತಾದದ್ದು ಅಪ್‌ಡೇಟಿನಿಂದ ಸ್ವಾಮಿ. ಆಗಿನ ಅಗ್ಗದ ಫೋನುಗಳಿಗೆ ಅದು ಬರಲೂ ಇಲ್ಲ. ಕನ್ನಡ ಓದಲು ಹೊಸ ಫೋನ್ ಕೊಳ್ಳಬೇಕಾಯಿತು. ಎಷ್ಟೋ ಜನ ಕೊಂಡರು.

"ಅದು ಸರಿ ಬಿಡಿ" ಅಂದರು ರಾಯರು. ಅವರು ಒಪ್ಪಿದಾಗ ಹಾಗೇ ಅನ್ನುವುದು.

ಅಪ್‌ಡೇಟ್ ಹಾಕಿಕೊಳ್ಳುವ ಕಷ್ಟವೂ ಮೊದಲಿನಷ್ಟಿಲ್ಲ. ಹಿಂದೆ ಫೋನ್ ಕತ್ತಲಾಗಿ, ಪಟ್ಟಿಯೊಂದು ಇಂಚಿಂಚು ಸರಿದು, ಎದ್ದ ಮೇಲೆ ಒಂದೊಂದೇ ಆ್ಯಪನ್ನು ಎಣಿಸುತ್ತಾ ಕೂರುತ್ತಿತ್ತು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಚಾರ್ಜರ್ ಮುಟ್ಟುವಂತಿಲ್ಲ. 2016ರ ಆಂಡ್ರಾಯ್ಡ್ 7ರಿಂದ ಬೇರೆ ಉಪಾಯ ಬಂತು: ಫೋನಿನಲ್ಲೇ ಎರಡು ಭಾಗ ಮಾಡಿ, ನಾವು ಒಂದರಲ್ಲಿ ಕೆಲಸ ಮಾಡುವಾಗ ಇನ್ನೊಂದರಲ್ಲಿ ಹೊಸದನ್ನು ತುಂಬುತ್ತದೆ. ಒಮ್ಮೆ ಆಫ್ ಆಗಿ ಆನ್ ಆದರೆ ಮುಗಿಯಿತು. ಹೊಸದು ಏಳದಿದ್ದರೆ ಹಳೆಯದಕ್ಕೇ ಮರಳುತ್ತದೆ. ಎಲ್ಲ ಕಂಪನಿಗಳೂ ಕೂಡಲೇ ಇದನ್ನು ತರಲಿಲ್ಲ ಅನ್ನುವುದು ಬೇರೆ ಮಾತು. ಹೊಸದಾದ ಒಂದೆರಡು ದಿನ ಬ್ಯಾಟರಿ ಬೇಗ ಇಳಿಯುತ್ತದೆ. ಒಳಗೆ ಅದು ಆ್ಯಪುಗಳನ್ನು ಮತ್ತೆ ಹೊಂದಿಸಿಕೊಳ್ಳುತ್ತಿರುತ್ತದೆ. ರಾಯರು ಆ ಎರಡೇ ದಿನದಲ್ಲಿ ಸರ್ವಿಸ್ ಸೆಂಟರಿಗೆ ಹೋಗಿ ಟೋಕನ್ ತೆಗೆದುಕೊಂಡು ಬಂದರು.

ನನ್ನ ಲೆಕ್ಕ ಇಷ್ಟು. ದೊಡ್ಡ ಅಪ್‌ಡೇಟಿಗೆ ಅವಸರ ಬೇಡ, ಎರಡು ವಾರ ತಡೆದರೆ ಏನೂ ಮುಳುಗುವುದಿಲ್ಲ. ಆದರೆ ತಿಂಗಳ ಸೆಕ್ಯುರಿಟಿ ಪ್ಯಾಚ್ ಬೇರೆ. 2015ರಲ್ಲಿ 'ಸ್ಟೇಜ್‌ಫ್ರೈಟ್' ಅನ್ನುವ ದೋಷ ಬಯಲಾಯಿತು. ಒಂದು ಎಂಎಂಎಸ್ ಕಳಿಸಿಯೇ ಫೋನಿನೊಳಗೆ ನುಗ್ಗಬಹುದಿತ್ತು. ಗೂಗಲ್ ತಿಂಗಳಿಗೊಮ್ಮೆ ಪ್ಯಾಚ್ ಕೊಡಲು ತೊಡಗಿದ್ದು ಅದರ ನಂತರ. ಈಗ ಪೆನ್ಷನ್ನೂ ಫೋನಿನಲ್ಲೇ, ತರಕಾರಿ ದುಡ್ಡೂ ಫೋನಿನಲ್ಲೇ. ಪ್ಯಾಚನ್ನು 'ನಾಳೆ ನೆನಪಿಸು' ಅಂತ ತಳ್ಳಬೇಡಿ.

ಇನ್ನೊಂದು ಮಾತು. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಅಪ್‌ಡೇಟಿನ ಮಾತು ಕೊಟ್ಟಿವೆ. ಅಗ್ಗದ ಫೋನುಗಳಲ್ಲಿ ಎಷ್ಟೋ ಎರಡು ವರ್ಷಕ್ಕೇ ಕೈ ತೊಳೆದುಕೊಳ್ಳುತ್ತವೆ. ಮುಂದಿನ ಸಲ ಅಂಗಡಿಗೆ ಹೋದಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವ ಮುಂಚೆ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಕೇಳಿ. ಹುಡುಗ ತಡವರಿಸಿದರೆ ಪಕ್ಕದ ಅಂಗಡಿಗೆ ಹೋಗಿ.